ಟಚ್‌ಒಎಸ್‌ಸಿ: ಎಲ್‌ಇಡಿ ವಾಲ್ ನಡೆಸುವವನ ಎರಡು ವರ್ಷದ ಅನುಭವ

ದಾವಣಗೆರೆ ಸುತ್ತಮುತ್ತ ಆರ್ಕೆಸ್ಟ್ರಾ, ಕಾಲೇಜ್ ಡೇ, ಗಣೇಶನ ಪೆಂಡಾಲ್ ಎಂದು ಓಡಾಡಿ ವೇದಿಕೆ ಹಿಂದಿನ ಎಲ್‌ಇಡಿ ವಾಲ್ ನಡೆಸುವುದು ನನ್ನ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ವಾಲ್‌ಗೆ ವಿಡಿಯೊ ಕಳಿಸುವ ರೆಸೊಲ್ಯೂಮ್ ಅರೀನಾ ಎಂಬ ಸಾಫ್ಟ್‌ವೇರ್ ಓಡುತ್ತಿರುತ್ತದೆ. ಎರಡು ವರ್ಷದ ಹಿಂದಿನವರೆಗೂ ಎಲ್ಲವನ್ನೂ ಮೌಸ್‌ನಲ್ಲೇ ಮಾಡುತ್ತಿದ್ದೆ. ಗಾಯಕಿ ಪಲ್ಲವಿ ಮುಗಿಸಿ ಉಸಿರು ತಗೊಳ್ಳುವ ಕ್ಷಣದಲ್ಲೇ ಹಿಂದಿನ ಚಿತ್ರ ಬದಲಾಗಬೇಕು. ಆ ಹೊತ್ತಿಗೆ ನನ್ನ ಕಣ್ಣು ಮೌಸ್‌ನ ಬಾಣ ಎಲ್ಲಿದೆ ಎಂದು ಹುಡುಕುತ್ತಿರುತ್ತಿತ್ತು. ಟಚ್‌ಒಎಸ್‌ಸಿ ತಗೊಂಡಿದ್ದು ಅದಕ್ಕೇ.

ಇದು ಹೆಕ್ಸ್‌ಲರ್ ಅವರ ಆ್ಯಪ್. ಮೊದಲು ಬಂದದ್ದು 2008ರಲ್ಲಿ, ಐಫೋನ್‌ಗೆ. ಈಗಿನದು 2021ರಲ್ಲಿ ಹೊಸದಾಗಿ ಕಟ್ಟಿದ ಆವೃತ್ತಿ. ಐಪ್ಯಾಡ್, ಆಂಡ್ರಾಯ್ಡ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಒಮ್ಮೆ ದುಡ್ಡು ಕೊಟ್ಟರೆ ಮುಗೀತು, ತಿಂಗಳ ಬಾಡಿಗೆ ಇಲ್ಲ. ಇದರೊಳಗೆ ಹಾಡೂ ಇಲ್ಲ, ವಿಡಿಯೊನೂ ಇಲ್ಲ. ಫೇಡರ್ (ಮೇಲೆ ಕೆಳಗೆ ಸರಿಸುವ ಪಟ್ಟಿ), ಬಟನ್, ನಾಬ್‌ಗಳನ್ನು ನಮಗೆ ಬೇಕಾದ ಹಾಗೆ ಗಾಜಿನ ಮೇಲೆ ಜೋಡಿಸಿಕೊಳ್ಳಬೇಕು, ಅವನ್ನು ಮುಟ್ಟಿದರೆ ಲ್ಯಾಪ್‌ಟಾಪ್‌ಗೆ ಆಜ್ಞೆ ಹೋಗುತ್ತದೆ, ಅಷ್ಟೇ.

ಬೆರಳಿನಿಂದ ಗಾಜಿನ ಮೇಲೆ ಸಂಗೀತ ನಡೆಸುವ ಆಸೆ ಐಪ್ಯಾಡ್‌ಗಿಂತ ಹಳೆಯದು. ಫ್ರಾನ್ಸ್‌ನ ಜಾಝ್‌ಮ್ಯೂಟಂಟ್ ಕಂಪನಿ 2005ರಲ್ಲೇ ಲೀಮರ್ ಎಂಬ ಯಂತ್ರ ತಂದಿತ್ತು. ಅದು ಇದೊಂದೇ ಕೆಲಸಕ್ಕೆ ಮಾಡಿದ ಯಂತ್ರ, ನನ್ನಂಥವರ ಕೈಗೆ ಎಟುಕುವ ಮಾತೇ ಇರಲಿಲ್ಲ. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ 9.7 ಇಂಚಿನ ಐಪ್ಯಾಡ್ ನನಗೆ ಸಾಕಾಗಿದೆ.

ಜೋಡಣೆ ಹೇಳುತ್ತೇನೆ. ಆ್ಯಪ್ ಮತ್ತು ಲ್ಯಾಪ್‌ಟಾಪ್ ನೆಟ್‌ವರ್ಕ್‌ನಲ್ಲಿ ಮಾತಾಡುವ ಭಾಷೆಗೆ ಒಎಸ್‌ಸಿ ಎನ್ನುತ್ತಾರೆ. ರೆಸೊಲ್ಯೂಮ್‌ನ ಪ್ರಿಫರೆನ್ಸಸ್‌ನಲ್ಲಿ ಒಎಸ್‌ಸಿ ಇನ್‌ಪುಟ್ ಆನ್ ಮಾಡಿ. ಒಳಗೆ ಬರುವ ಪೋರ್ಟ್ 7000. ಆ್ಯಪ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಮತ್ತು ಅದೇ ಪೋರ್ಟ್ ಹಾಕಿ. ಆಮೇಲೆ ಪ್ರತಿ ಫೇಡರ್‌ಗೂ ಒಂದು ವಿಳಾಸ. ಕಾಂಪೊಸಿಷನ್, ಲೇಯರ್ಸ್, 1, ವಿಡಿಯೊ, ಒಪ್ಯಾಸಿಟಿ ಎಂದು ಓರೆಗೆರೆ ಹಾಕುತ್ತಾ ಬರೆದರೆ ಮೊದಲ ಲೇಯರ್, ಅಂದರೆ ಚಿತ್ರದ ಮೊದಲ ಪದರ, ಎಷ್ಟು ಕಾಣಬೇಕು ಎಂಬುದು ನಿಮ್ಮ ಬೆರಳಿಗೆ ಬಂತು. ರೆಸೊಲ್ಯೂಮ್‌ನ ಒಎಸ್‌ಸಿ ಔಟ್‌ಪುಟ್ ಕೂಡ ಆನ್ ಮಾಡಿಕೊಳ್ಳಿ. ಆಗ ಲ್ಯಾಪ್‌ಟಾಪ್‌ನಲ್ಲಿ ಏನಾದರೂ ಬದಲಾದರೆ ಐಪ್ಯಾಡ್‌ನ ಫೇಡರ್ ತಾನಾಗಿ ಆ ಜಾಗಕ್ಕೆ ಬಂದು ನಿಲ್ಲುತ್ತದೆ. ನನ್ನ ಬಳಿ ಅಕಾಯ್ ಎಪಿಸಿ ಮಿನಿ ಎಂಬ, ನಿಜವಾದ ಬಟನ್ ಮತ್ತು ಫೇಡರ್ ಇರುವ ಸಣ್ಣ ಪೆಟ್ಟಿಗೆಯೂ ಇದೆ. ಅದರ ಫೇಡರ್‌ಗಳನ್ನಾದರೆ ಕೈಯಿಂದಲೇ ಸರಿಸಬೇಕು.

ಮಿಡಿ ಬಿಟ್ಟು ಒಎಸ್‌ಸಿ ಯಾಕೆ ಎಂದು ಹುಡುಗರು ಕೇಳುತ್ತಾರೆ. ಮಿಡಿ ಎಂದರೆ ಸಂಗೀತದ ಯಂತ್ರಗಳು ಒಂದಕ್ಕೊಂದು ಆಜ್ಞೆ ಕಳಿಸುವ ಹಳೆಯ ಭಾಷೆ, 1983ರದ್ದು. ಅದರ ಸಾಮಾನ್ಯ ಕಂಟ್ರೋಲ್‌ನಲ್ಲಿ 0ಯಿಂದ 127ರವರೆಗೆ 128 ಮೆಟ್ಟಿಲು ಮಾತ್ರ. ಶಬ್ದಕ್ಕೆ ಅಷ್ಟು ಸಾಕು ಅನ್ನಿಸಬಹುದು. ಆದರೆ ದೊಡ್ಡ ಎಲ್‌ಇಡಿ ವಾಲ್‌ನಲ್ಲಿ ದೀಪ ಹಚ್ಚುವ ದೃಶ್ಯವನ್ನು ಕತ್ತಲಿನಿಂದ ನಿಧಾನವಾಗಿ ಏರಿಸಿ ನೋಡಿ, ಮೆಟ್ಟಿಲು ಹತ್ತಿದ ಹಾಗೆ ಕುಲುಕುತ್ತದೆ. 1997ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಒಎಸ್‌ಸಿಯಲ್ಲಿ 0ಗೂ 1ಕ್ಕೂ ನಡುವೆ ದಶಾಂಶದಲ್ಲಿ ತುಂಬ ಸಣ್ಣ ಸಣ್ಣ ಅಂಕಿಗಳನ್ನೂ ಕಳಿಸಬಹುದು. ಬೆಳಕು ಎಣ್ಣೆ ಸುರಿದ ಹಾಗೆ ಏರುತ್ತದೆ.

ಮೊದಮೊದಲು ನಾನು ಒಂದೇ ಪುಟದಲ್ಲಿ ನಲವತ್ತು ಬಟನ್ ತುಂಬಿದ್ದೆ. ಮನೆಯಲ್ಲಿ ಚೆಂದ ಕಾಣುತ್ತಿತ್ತು. ಪೆಂಡಾಲ್‌ಗೆ ಹೋದಾಗ ಗೊತ್ತಾಯಿತು, ಗಾಜಿಗೆ ಅಂಚಿಲ್ಲ. ಎಪಿಸಿ ಮಿನಿಯಲ್ಲಿ ಬೆರಳು ತಡಕಾಡಿ ಬಟನ್ ಹುಡುಕುತ್ತದೆ, ಕಣ್ಣು ವೇದಿಕೆ ಮೇಲೇ ಇರುತ್ತದೆ. ಐಪ್ಯಾಡ್‌ನಲ್ಲಿ ಪ್ರತಿ ಸಲ ತಲೆ ಬಗ್ಗಿಸಬೇಕು. ಮೌಸ್ ಬಿಟ್ಟು ಬಂದದ್ದೇ ವೇದಿಕೆ ನೋಡುವುದಕ್ಕೆ, ಅಲ್ವಾ?

ಆ ಪುಟ ಪೂರ್ತಿ ಅಳಿಸಿದೆ. ಈಗ ಪುಟಕ್ಕೆ ಆರು ಬಟನ್, ಮೂರು ಫೇಡರ್. ಬಟನ್‌ಗಳು ಅಂಗೈ ಅರ್ಧದಷ್ಟು ದೊಡ್ಡವು, ಎಲ್ಲವೂ ಅಂಚಿಗೆ. ಐಪ್ಯಾಡ್‌ನ ಚೌಕಟ್ಟನ್ನು ಹೆಬ್ಬೆರಳಿನಲ್ಲಿ ಮುಟ್ಟಿದರೆ ಯಾವ ಬಟನ್ ಎಲ್ಲಿದೆ ಎಂದು ನೋಡದೇ ಗೊತ್ತಾಗುತ್ತದೆ. ಫೇಡರ್‌ನ ರೆಸ್ಪಾನ್ಸ್ ಎಂಬ ಕಡೆ ರಿಲೇಟಿವ್ ಆರಿಸಿದ್ದೇನೆ. ಬೆರಳು ಎಲ್ಲಿ ತಗುಲಿದರೂ ಬೆಳಕು ಅಲ್ಲಿಗೆ ಹಾರುವುದಿಲ್ಲ, ಬೆರಳು ಎಳೆದಷ್ಟೇ ಸರಿಯುತ್ತದೆ. ಈ ಆ್ಯಪ್‌ನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೊಂದು ಸೆಟ್ಟಿಂಗ್. ಪೂರ್ತಿ ಕತ್ತಲು ಮಾಡುವ ಬಟನ್‌ಗೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಬರೆದೆ. ಅರ್ಧ ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಇನ್ನು ವೈಫೈ. ಒಂದು ಕಾಲೇಜ್ ಡೇಯಲ್ಲಿ ಅಲ್ಲಿನ ವೈಫೈಗೇ ಐಪ್ಯಾಡ್ ಸೇರಿಸಿದ್ದೆ. ಸಂಜೆ ಸೌಂಡ್ ಚೆಕ್‌ನಲ್ಲಿ ಎಲ್ಲ ಸರಿ ಇತ್ತು. ರಾತ್ರಿ ಹುಡುಗರು ತುಂಬಿದರು, ಪ್ರತಿಯೊಬ್ಬರ ಕೈಯಲ್ಲೂ ಫೋನ್. ಕುಣಿತದ ಹಾಡಿಗೆ ಬಿಳಿ ಫ್ಲ್ಯಾಶ್ ಕೊಡುತ್ತಿದ್ದೆ. ಒತ್ತಿದಷ್ಟು ಹೊತ್ತು ಮಾತ್ರ ಬರುವ ಫ್ಲ್ಯಾಶ್ ಅದು. ಬೆರಳು ತೆಗೆದರೂ ಹೋಗಲಿಲ್ಲ. ಇಡೀ ವಾಲ್ ಬೆಳ್ಳಗೆ ಉರಿಯುತ್ತಾ ನಿಂತುಬಿಟ್ಟಿತು. "ಅಣ್ಣಾ, ಕಣ್ಣು ಬಿಡಕ್ಕಾಗ್ತಿಲ್ಲ" ಎಂದು ಡ್ರಮ್ಸ್ ಹುಡುಗ ಮೈಕ್‌ನಲ್ಲೇ ಕೂಗಿದ. ಲ್ಯಾಪ್‌ಟಾಪ್‌ಗೆ ಓಡಿ ಆರಿಸುವಷ್ಟರಲ್ಲಿ ಹಾಡಿನ ಚರಣವೇ ಕೆಟ್ಟಿತ್ತು.

ತಪ್ಪು ಆ್ಯಪ್‌ನದ್ದಲ್ಲ. ಒಎಸ್‌ಸಿ ಸಂದೇಶ ಸಾಮಾನ್ಯವಾಗಿ ನೆಟ್‌ವರ್ಕ್‌ನಲ್ಲಿ ಯುಡಿಪಿ ಎಂಬ ವಿಧಾನದಲ್ಲಿ ಹೋಗುತ್ತದೆ. ಅದು ಡಬ್ಬಿಗೆ ಹಾಕಿದ ಪೋಸ್ಟ್ ಕಾರ್ಡ್ ಇದ್ದ ಹಾಗೆ, ತಲುಪಿತಾ ಎಂದು ಯಾರೂ ಕೇಳುವುದಿಲ್ಲ. "ಒತ್ತಿದ" ಎಂಬ ಕಾರ್ಡ್ ತಲುಪಿತ್ತು, "ಬಿಟ್ಟ" ಎಂಬುದು ದಾರಿಯಲ್ಲಿ ಕಳೆದಿತ್ತು. ಅವತ್ತಿನಿಂದ ನನ್ನದೇ ರೌಟರ್ ಒಯ್ಯುತ್ತೇನೆ. 5 ಗಿಗಾಹರ್ಟ್ಸ್ ಮಾತ್ರ ಆನ್, ಪಾಸ್‌ವರ್ಡ್ ಯಾರಿಗೂ ಕೊಡುವುದಿಲ್ಲ. ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ ಲ್ಯಾನ್ ಕೇಬಲ್, ಐಪಿ ವಿಳಾಸ ಬದಲಾಗದ ಹಾಗೆ ಕಟ್ಟಿಟ್ಟಿದ್ದೇನೆ. ಫ್ಲ್ಯಾಶ್ ಬಟನ್ ಮಾತ್ರ ಗಾಜಿನ ಮೇಲೆ ಇಟ್ಟಿಲ್ಲ. ಅದು ಎಪಿಸಿ ಮಿನಿಗೆ ಹೋಯಿತು, ಯುಎಸ್‌ಬಿ ತಂತಿಯಲ್ಲಿ.

ನಮ್ಮ ಕೀಬೋರ್ಡ್ ನುಡಿಸುವವರು ಇದೇ ಆ್ಯಪ್ ಅನ್ನು ಏಬಲ್ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರ್‌ಗೆ ಬಳಸುತ್ತಾರೆ, ಮಿಡಿಯಲ್ಲಿ. ಅವರಿಗೆ ಹಾಡು ಶುರು ಮಾಡುವ ನಾಲ್ಕು ಬಟನ್ ಸಾಕು. ಸಣ್ಣ ಫೋನ್‌ನಲ್ಲೇ ನಡೆಯುತ್ತದೆ. ಬರೀ ಅಷ್ಟು ಕೆಲಸ ಇರುವವರು ಟ್ಯಾಬ್ಲೆಟ್ ಕೊಳ್ಳಬೇಕಿಲ್ಲ. ಲೇಔಟ್ ಕಟ್ಟುವುದು ಮಾತ್ರ ಫೋನ್‌ನಲ್ಲಿ ಬೇಡ, ಕಣ್ಣು ನೋಯುತ್ತದೆ. ಕಂಪ್ಯೂಟರ್‌ನಲ್ಲಿ ಕಟ್ಟಿ ಕಳಿಸಿಕೊಳ್ಳಿ.

ಗಣೇಶ ಹಬ್ಬದ ಸಮಯದಲ್ಲಿ ಮಳೆ ಇದ್ದೇ ಇರುತ್ತದೆ. ಒದ್ದೆ ಬೆರಳಿಗೆ ಗಾಜು ಓಗೊಡುವುದಿಲ್ಲ. ಐಪ್ಯಾಡ್ ಪಕ್ಕದಲ್ಲಿ ಒಂದು ಒಣ ಹತ್ತಿ ಬಟ್ಟೆ ಇಟ್ಟುಕೊಳ್ಳಿ. ನಾನು ಎರಡು ಇಡುತ್ತೇನೆ, ಒಂದು ಗಾಜಿಗೆ, ಒಂದು ಕೈಗೆ.