57ರ ವಯಸ್ಸಿಗೆ ಆರು ದಿನದ ಜಿಮ್ ಪ್ರೋಗ್ರಾಂ: 14 ತಿಂಗಳು ಬಳಸಿದ ಮೇಲೆ

ನನಗೀಗ 57. ಸ್ನಾಯು ಬೆಳೆಸುವ ಈ ಆ್ಯಪ್ ಪ್ರೋಗ್ರಾಂ ಕೊಂಡು 14 ತಿಂಗಳಾಯಿತು. ಪುಶ್ (ತಳ್ಳುವ ವ್ಯಾಯಾಮ), ಪುಲ್ (ಎಳೆಯುವ ವ್ಯಾಯಾಮ), ಲೆಗ್ಸ್ (ಕಾಲಿನವು) ಅಂತ ಮೂರು ಭಾಗ. ವಾರಕ್ಕೆ ಎರಡು ಸುತ್ತು, ರಜೆ ಒಂದೇ ದಿನ. ಇದೇ ಅಚ್ಚಿನ ಪ್ರೋಗ್ರಾಂಗಳು ಬೇಕಾದಷ್ಟಿವೆ, ಹಾಗಾಗಿ ಹೆಸರು ಬೇಡ. ವ್ಯಾಯಾಮಗಳ ಆಯ್ಕೆ ಚೆನ್ನಾಗಿದೆ, ವಿಡಿಯೋಗಳು ಸ್ಪಷ್ಟವಾಗಿವೆ. ದಿನಗಳ ಲೆಕ್ಕ ಮಾತ್ರ ನನ್ನ ವಯಸ್ಸಿನವರಿಗೆ ಆಗಿಬರುವುದಿಲ್ಲ.

ಮೊದಲ ಏಳು ವಾರ ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಮಾಡಿದೆ. ಮೂರು ವಾರ ಖುಷಿಯೋ ಖುಷಿ. ಪ್ರತಿ ಸಲ ತೂಕ ಏರುತ್ತಿತ್ತು. ಐದನೇ ವಾರದ ಹೊತ್ತಿಗೆ ನಿದ್ದೆ ಕೆಟ್ಟಿತು, ರಾತ್ರಿ ಮೂರಕ್ಕೇ ಎಚ್ಚರವಾಗುತ್ತಿತ್ತು. ಏಳನೇ ವಾರದಲ್ಲಿ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಲು ಕೈಹಾಕಿದೆ. ಬಲ ಮೊಣಕೈಯ ಹೊರಬದಿಯಲ್ಲಿ ಚಳುಕು ಹೊಡೆದ ಹಾಗಾಯಿತು. ಎಡಗೈಯಲ್ಲಿ ತಿರುಗಿಸಿದೆ. ಅವತ್ತು ಪುಲ್ ದಿನ, 22 ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದೊಂದು ಸರದಿ) ಕಾದಿತ್ತು.

ಅವರ ಸಹಾಯ ವಿಭಾಗಕ್ಕೆ ವಯಸ್ಸು ಸಮೇತ ಎಲ್ಲ ಬರೆದೆ. ತೂಕ ಸ್ವಲ್ಪ ಇಳಿಸಿ ಮುಂದುವರಿಸಿ ಎಂಬ ಒಂದು ಸಾಲಿನ ಉತ್ತರ ಬಂತು. ತುಂಬಾ ಬೇಜಾರಾಯಿತು. ತೊಂದರೆ ಇದ್ದದ್ದು ತೂಕದಲ್ಲಿ ಅಲ್ಲವೇ ಅಲ್ಲ.

ತೂಕ ಎತ್ತುವಾಗ ಸ್ನಾಯು ದಣಿಯುತ್ತದೆ ಅಷ್ಟೇ, ಬೆಳೆಯುವುದು ಆಮೇಲೆ. ವಯಸ್ಸಾದ ಹಾಗೆ ಆ ಕೆಲಸ ನಿಧಾನವಾಗುತ್ತದೆ. ಅದೇ ವ್ಯಾಯಾಮ, ಅಷ್ಟೇ ಪ್ರೋಟೀನ್ ಕೊಟ್ಟರೂ ಇಪ್ಪತ್ತೈದರಲ್ಲಿ ಬೆಳೆದಷ್ಟು ಸ್ನಾಯು ಈಗ ಬೆಳೆಯುವುದಿಲ್ಲ. ಇನ್ನೊಂದು ವಿಷಯವೂ ಇದೆ. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ, ಅದು ಗಟ್ಟಿಯಾಗಲು ಸ್ನಾಯುವಿಗಿಂತ ಜಾಸ್ತಿ ಕಾಲ ಬೇಕು. ತೋಳು ರೆಡಿ ಅನ್ನುತ್ತದೆ, ಮೊಣಕೈ ಇನ್ನೂ ಹಳೆಯ ತೂಕದಲ್ಲೇ ಇರುತ್ತದೆ. ನನಗೆ ಆದದ್ದು ಇದೇ.

ಪ್ರೋಗ್ರಾಂ ಬಿಡಲಿಲ್ಲ, ವಾರದ ಲೆಕ್ಕ ಬಿಟ್ಟೆ. ಈಗ ನನ್ನದು ಐದು ದಿನದ ಸುತ್ತು. ಒಂದು ದಿನ ಮೇಲುಭಾಗ, ಮರುದಿನ ವಿರಾಮ, ಆಮೇಲೆ ಕಾಲು, ಮತ್ತೆ ಎರಡು ದಿನ ವಿರಾಮ. ಎದೆಗೆ ಒಂದು ಸುತ್ತಿನಲ್ಲಿ ಏಳು ಸೆಟ್. ವಾರಕ್ಕೆ ಲೆಕ್ಕ ಹಾಕಿದರೆ ಸುಮಾರು ಹತ್ತು. ಆ್ಯಪ್ ಹೇಳುತ್ತಿದ್ದದ್ದು ಇಪ್ಪತ್ತು. ಐದನೇ ಸುತ್ತು ಬಂದಾಗಲೆಲ್ಲ ಸೆಟ್‌ಗಳನ್ನು ಅರ್ಧ ಮಾಡುತ್ತೇನೆ. ಮೇಲುಭಾಗದ ದಿನ ಬೆಳಿಗ್ಗೆ ಬಲಗೈಯಲ್ಲೇ ನಲ್ಲಿ ತಿರುಗಿಸಿ ನೋಡುತ್ತೇನೆ. ಹಿಡಿದುಕೊಂಡರೆ ಅವತ್ತಿನದನ್ನು ಒಂದು ದಿನ ಮುಂದಕ್ಕೆ ಹಾಕುತ್ತೇನೆ.

ಕೊನೆಯ ಸೆಟ್ ಕೈ ಸೋಲುವವರೆಗೂ ಮಾಡಿ ಎನ್ನುತ್ತದೆ ಆ್ಯಪ್. ನಾನು ಇನ್ನೆರಡು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಆಗುತ್ತದೆ ಅನ್ನಿಸುವಾಗಲೇ ನಿಲ್ಲಿಸುತ್ತೇನೆ. ಅದು ಗೊತ್ತಾಗೋದು ಹೇಗೆ? ಡಂಬೆಲ್ ಪ್ರೆಸ್‌ನಲ್ಲಿ ಏಳೆಂಟು ರೆಪ್ ಒಂದೇ ವೇಗದಲ್ಲಿ ಹೋಗುತ್ತವೆ. ಒಂಬತ್ತನೆಯದು ಅರ್ಧ ದಾರಿಯಲ್ಲಿ ಒಂದು ಕ್ಷಣ ತಡೆದು ಮೇಲೇಳುತ್ತದೆ. ಅಲ್ಲಿಗೆ ಸಾಕು. ಇದನ್ನು ಗುರುತಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಬಾರ್ಬೆಲ್ ಬೆಂಚ್ ಪ್ರೆಸ್ ಬದಲು ಅಂಗೈ ಒಂದಕ್ಕೊಂದು ಎದುರಾಗಿರುವ ಡಂಬೆಲ್ ಪ್ರೆಸ್ ಮಾಡುತ್ತೇನೆ, ಭುಜಕ್ಕೆ ಹಿತ. ಐದು ರೆಪ್‌ನ ಭಾರಿ ಸೆಟ್‌ಗಳಿದ್ದ ಕಡೆ ಎಂಟರಿಂದ ಹದಿನೈದು. ಸೆಟ್ ಕೊನೆಗೆ ಕಷ್ಟವಾಗುವಷ್ಟು ತೂಕ ಇದ್ದರೆ ಸ್ನಾಯು ಹೀಗೂ ಬೆಳೆಯುತ್ತದೆ, ಕೀಲುಗಳ ಮೇಲಿನ ಹೊರೆ ಮಾತ್ರ ಕಡಿಮೆ. ಬದಲಿ ವ್ಯಾಯಾಮ ಆರಿಸುವ ಸೌಲಭ್ಯ ಆ್ಯಪ್‌ನಲ್ಲೇ ಇದೆ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸೆಟ್ ನಡುವಿನ ಟೈಮರ್ ಮಾತ್ರ 60 ಸೆಕೆಂಡಿಗೇ ಕೂಗುತ್ತದೆ. ದೊಡ್ಡ ವ್ಯಾಯಾಮಗಳಿಗೆ ನನಗೆ ಮೂರು ನಿಮಿಷ ಬೇಕು. ಸುಮ್ನೆ ಆಫ್ ಮಾಡಿಬಿಡಿ.

ಊಟದ ಪುಟದಲ್ಲಿ ಎಲ್ಲ ವಯಸ್ಸಿಗೂ ಒಂದೇ ಲೆಕ್ಕ. ನಮ್ಮ ವಯಸ್ಸಿನವರು ತೂಕ ಎತ್ತುವುದಾದರೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೋ ಇರುವ ನನಗೆ 84ರಿಂದ 112 ಗ್ರಾಂ. ಅದನ್ನು ಒಂದೇ ಹೊತ್ತಿಗೆ ತಿನ್ನದೆ ಮೂರು ಹೊತ್ತಿಗೆ ಹಂಚಿಕೊಳ್ಳುತ್ತೇನೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಜಾಸ್ತಿ ಮಾಡಿ.

ಒಂದು ಕಡೆ ನನಗೆ ನಿಜಕ್ಕೂ ಸಿಟ್ಟಿದೆ. ವಿಡಿಯೋಗಳಲ್ಲಿ ಉಸಿರು ಬಿಗಿಹಿಡಿದು ಎತ್ತಿ ಎಂದು ಹೇಳಿಕೊಡುತ್ತಾರೆ. ಭಾರ ಎತ್ತುವಾಗ ಹಾಗೆ ಮಾಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ಬಿಪಿ ಇರುವವರಿಗೆ ಒಂದು ಎಚ್ಚರಿಕೆಯ ಮಾತೂ ಅಲ್ಲಿಲ್ಲ. ನಾನು ಎತ್ತುವಾಗ ಉಸಿರು ಬಿಡುತ್ತೇನೆ.

ಮೊಣಕೈ ಸರಿಯಾಗಲು ನಾಲ್ಕು ತಿಂಗಳು ಬೇಕಾಯಿತು. ಡಂಬೆಲ್ ಪ್ರೆಸ್ 14 ಕಿಲೋದಿಂದ 20ಕ್ಕೆ ಬಂದಿದೆ, ಲೆಗ್ ಪ್ರೆಸ್ 60ರಿಂದ 110ಕ್ಕೆ. ದೇಹದ ತೂಕ ಹೆಚ್ಚುಕಡಿಮೆ ಅಷ್ಟೇ ಇದೆ, ಸೊಂಟ 5 ಸೆಂಟಿಮೀಟರ್ ಇಳಿದಿದೆ. ನಿದ್ದೆ ಮರಳಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಎರಡನೇ ವರ್ಷಕ್ಕೂ ಹಣ ಕಟ್ಟಿದ್ದೇನೆ. ವಿರಾಮದ ದಿನಗಳನ್ನು ಆ್ಯಪ್ ಈಗಲೂ 'ತಪ್ಪಿಸಿದ ದಿನ' ಎಂದು ಕೆಂಪು ಬಣ್ಣದಲ್ಲೇ ತೋರಿಸುತ್ತದೆ. ಅದನ್ನು ಬದಲಿಸಿ ಎಂದು ಮೂರು ಸಲ ಬರೆದಿದ್ದೇನೆ. ಐವತ್ತು ದಾಟಿ ಇದನ್ನು ಬಳಸುತ್ತಿರುವವರು ನೀವೂ ಬರೆಯಿರಿ.