ತಣ್ಣಗಿರುವಾಗ ಸ್ಟಾರ್ಟ್ ಆಗದ ಸೆಕೆಂಡ್ ಹ್ಯಾಂಡ್ ಚೈನ್‌ಸಾ

ಮಳೆಗಾಲದ ಮೊದಲ ಗಾಳಿಗೆ ತೋಟದ ಅಂಚಿನ ಹುಣಾಲು ಮರವೊಂದು ಹತ್ತಾರು ಅಡಿಕೆ ಮರಗಳ ಮೇಲೆ ಬಿತ್ತು. ಮರ ಕೊಯ್ಯುವವರಿಗಾಗಿ ಐದು ದಿನ ಕಾದು ಸಾಕಾದ ಮೇಲೆ, ಮನೆಯಲ್ಲೇ ಒಂದು ಮಿಷನ್ ಇರಲಿ ಎಂದು ತೀರ್ಮಾನಿಸಿದೆ. ಹೊಸದಕ್ಕೆ ಹಣ ಹಾಕುವ ಮನಸ್ಸಿರಲಿಲ್ಲವಾದ್ದರಿಂದ, ಶಿವಮೊಗ್ಗ ಜಿಲ್ಲೆಯ ಕೃಷಿ ಯಂತ್ರಗಳ ಅಂಗಡಿಯೊಂದಕ್ಕೆ ಎಕ್ಸ್‌ಚೇಂಜ್‌ನಲ್ಲಿ ಬಂದಿದ್ದ, 18 ಇಂಚಿನ ಬಾರ್ ಇರುವ, ಸುಮಾರು 45 ಸಿಸಿಯ ಚೈನ್‌ಸಾ ಒಂದನ್ನು 9,500 ರೂಪಾಯಿಗೆ ಕೊಂಡೆ. ಈ ಬರಹ ಆ ಯಂತ್ರವನ್ನೂ ಅದನ್ನು ಮಾರಿದ ರೀತಿಯನ್ನೂ ಕುರಿತದ್ದು.

ಅಂಗಡಿಯಲ್ಲಿ ಅದು ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. "ನೋಡಿದ್ರಲ್ಲ ಸಾರ್, ಏನೂ ತಕರಾರಿಲ್ಲ" ಎಂದರು ಮಾರಾಟಗಾರರು. ಸೈಲೆನ್ಸರ್ ಆಗಲೇ ಬೆಚ್ಚಗಿದ್ದುದು ನನ್ನ ಕೈಗೆ ತಾಗಿತ್ತು, ಆದರೆ ಅದರ ಅರ್ಥ ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಲವತ್ತು ಸಲ ಹಗ್ಗ ಎಳೆದು ಭುಜ ಸೋತ ಮೇಲಷ್ಟೇ ಹೊಳೆಯಿತು. ನಾನು ಹೋಗುವ ಮೊದಲೇ ಅವರು ಅದನ್ನು ಓಡಿಸಿ ಬಿಸಿ ಮಾಡಿ ಇಟ್ಟಿದ್ದಿರಬೇಕು. ಬಿಸಿ ಎಂಜಿನ್ ಹೊತ್ತಿಕೊಳ್ಳಲು ಕಾರ್ಬೊರೇಟರ್ ಅರೆಬರೆ ಕೆಲಸ ಮಾಡಿದರೂ ಸಾಕು. ತಣ್ಣಗಿರುವಾಗ ಅದರ ಬಂಡವಾಳವೆಲ್ಲ ಬಯಲಾಗುತ್ತದೆ. ಫೋನ್ ಮಾಡಿದರೆ "ಚೋಕ್ ಸರಿಯಾಗಿ ಎಳೆದಿರೋಲ್ಲ" ಎಂಬ ಉತ್ತರ ಬಂತು. ಯಂತ್ರದ ದೋಷಕ್ಕಿಂತ ಆ ಮಾತು ನನಗೆ ಹೆಚ್ಚು ಬೇಸರ ತರಿಸಿತು.

ಮೊದಲು ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದೆ. ಹಳೆಯ ವಾರ್ನಿಷ್‌ನಂಥ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟಾಗ ತಳದಲ್ಲಿ ಬೇರೆಯದೇ ಒಂದು ಪದರ ನಿಂತಿತು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ಆಷಾಢದಲ್ಲಿ ತೇವಕ್ಕೆ ಬರವಿಲ್ಲ. ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದೆ. ಇದು 50:1ರ ಪ್ರಮಾಣ; ಆಯಿಲ್ ಡಬ್ಬಿಯ ಮೇಲೆ 25:1 ಎಂದಿದ್ದರೆ 40 ಮಿಲಿ ಬೇಕಾಗುತ್ತದೆ. ಆದರೂ ಯಂತ್ರ ಜಪ್ಪಯ್ಯ ಎನ್ನಲಿಲ್ಲ.

ಚೋಕ್ ಹಾಕಿ ಹತ್ತಾರು ಸಲ ಎಳೆದ ಬಳಿಕ ಪ್ಲಗ್ ಬಿಚ್ಚಿ ನೋಡಿದ್ದು ಈ ಹುಡುಕಾಟದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಎಂಜಿನ್ ಓವರ್‌ಫ್ಲೋ ಆಗಿದೆ ಎಂದರ್ಥ. ಓವರ್‌ಫ್ಲೋ ಆಗಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಎಂಟು ಹತ್ತು ಸಲ ಹಗ್ಗ ಎಳೆದು, ಪ್ಲಗ್ ಒರೆಸಿ ಹಾಕಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ನನ್ನದು ಪೂರ್ತಿ ಒಣಗಿತ್ತು. ಪೆಟ್ರೋಲ್ ಡಬ್ಬಿಯನ್ನು ದೂರವಿಟ್ಟು, ಸ್ವಿಚ್ ಆನ್ ಮಾಡಿ, ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ಮಬ್ಬುಗತ್ತಲಲ್ಲಿ ಹಗ್ಗ ಎಳೆದಾಗ ನೀಲಿ ಕಿಡಿ ಚೆನ್ನಾಗಿಯೇ ಕಂಡಿತು. ಬಳಿಕ ಪ್ಲಗ್ಗಿನ ತೂತಿನಿಂದ ಕೆಲವೇ ಹನಿ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು ಎಳೆದೆ. ಎರಡು ಸೆಕೆಂಡ್ ಓಡಿ ನಿಂತಿತು. ಅಲ್ಲಿಗೆ ಕಾಯಿಲೆ ಪೆಟ್ರೋಲ್ ಬರುವ ದಾರಿಯಲ್ಲಿದೆ ಎಂಬುದು ಖಚಿತವಾಯಿತು.

ಟ್ಯಾಂಕಿನೊಳಗಿನ ಫಿಲ್ಟರನ್ನು ಬಗ್ಗಿಸಿದ ತಂತಿಯಿಂದ ಹೊರಗೆಳೆದಾಗ ಅದು ಕಪ್ಪಗಾಗಿತ್ತು, ಪೈಪು ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ ಸೀಳಿತ್ತು. ಸೀಳಿದ ಪೈಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಇವನ್ನು ನಾನೇ ಬದಲಿಸಿದೆನಾದರೂ ಕಾರ್ಬೊರೇಟರ್ ಬಿಚ್ಚುವ ಧೈರ್ಯ ಸಾಲದೆ, ಕಳೆ ಕೊಚ್ಚುವ ಯಂತ್ರಗಳನ್ನು ರಿಪೇರಿ ಮಾಡುವ ಪೇಟೆಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡದ್ದು ನನಗೆ ಹಿಡಿಸಿತು, ಏಕೆಂದರೆ ಗ್ಯಾಸ್ಕೆಟ್ಟೂ ಡಯಾಫ್ರಮ್ ಎಂಬ ತೆಳು ಪೊರೆಯೂ ಹಿಂದುಮುಂದಾದರೆ ಮಾಡಿದ ಕೆಲಸವೆಲ್ಲ ದಂಡ. ಬಟ್ಟೆಯಂತೆ ಮೆತ್ತಗಿರಬೇಕಾದ ಡಯಾಫ್ರಮ್ ಬಿಸಿಲಿಗೆ ಒಣಗಿದ ಅಡಿಕೆ ಹಾಳೆಯಂತೆ ಸೆಟೆದುಕೊಂಡಿತ್ತು. ಎಂಜಿನ್ ಎಳೆದಾಗ ಅದು ಬಾಗಿ ಸೂಜಿಯನ್ನು ಎತ್ತಿದರೆ ಮಾತ್ರ ಪೆಟ್ರೋಲ್ ಒಳಗಿಳಿಯುತ್ತದೆ. ಸೆಟೆದುಕೊಂಡದ್ದು ಎತ್ತುವುದೇ ಇಲ್ಲ.

ಡಯಾಫ್ರಮ್ ಕಿಟ್‌ಗೆ 280, ಕೂಲಿಗೆ 350 ರೂಪಾಯಿ ಕೊಟ್ಟೆ. ಅವರು ಸೈಲೆನ್ಸರ್ ಬಿಚ್ಚಿ ಪಿಸ್ಟನ್ ತೋರಿಸಿದರು, ಅದರ ಮೇಲೆ ಉದ್ದುದ್ದ ಗೀರುಗಳಿರಲಿಲ್ಲ. ಮೀಟರ್ ಹಾಕಿದಾಗ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, 130 ಪಿಎಸ್‌ಐ ತೋರಿಸಿತು. ಇದು 90ಕ್ಕಿಂತ ಕೆಳಗಿದ್ದಿದ್ದರೆ ಯಂತ್ರವನ್ನು ಗುಜರಿಗೆ ಹಾಕುವುದೇ ಲಾಭವಾಗುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ನಾನು ಅವರನ್ನು ಒಪ್ಪಲಿಲ್ಲ. ಶಬ್ದ ಜೋರಾಗಿ ಕೇಳಲೆಂದು, ಎಂಜಿನ್ ವೇಗವಾಗಿ ಓಡುವಾಗ ಎಷ್ಟು ಪೆಟ್ರೋಲ್ ಹೋಗಬೇಕೆಂದು ಹೊಂದಿಸುವ ಎಚ್ ಸ್ಕ್ರೂವನ್ನು ತೀರಾ ಬಿಗಿದಿದ್ದರು. ಹಾಗೆ ಬಿಗಿದರೆ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿರುವುದರಿಂದ, ನಾನು ಹೇಳಿ ಸ್ವಲ್ಪ ಸಡಿಲ ಮಾಡಿಸಿದೆ.

ಈಗ ಬೆಳಗಿನ ಚಳಿಯಲ್ಲೂ ಚೇನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಕಾಲಿನಿಂದ ಒತ್ತಿ ಹಿಡಿದು ಎಳೆದರೆ ನಾಲ್ಕನೆಯ ಎಳೆತಕ್ಕೆ ಹೊತ್ತಿಕೊಳ್ಳುತ್ತದೆ. ಮೊದಲ ವಾರ ಹತ್ತು ನಿಮಿಷ ಓಡಿ ನಿಂತುಬಿಡುವ ಹೊಸ ತಕರಾರು ಶುರುವಾಗಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಸುಂಯ್ ಎಂದು ಗಾಳಿ ಒಳಗೆಳೆದುಕೊಂಡದ್ದರಿಂದ ಗಾಳಿಯಾಡುವ ತೂತು ಕಟ್ಟಿದೆಯೆಂದು ತಿಳಿದು, ಅದನ್ನೂ ಸ್ವಚ್ಛಗೊಳಿಸಿದೆ. ಕೊಯ್ಯುವ ಶಕ್ತಿಯ ಬಗ್ಗೆ ದೂರಿಲ್ಲ, ಒಂದೂವರೆ ಅಡಿ ದಪ್ಪದ ಹುಣಾಲಿನ ದಿಮ್ಮಿಯನ್ನು ಸಲೀಸಾಗಿ ಕೊಯ್ದಿದೆ. ಚೇನ್ ಆಯಿಲ್ ಮಾತ್ರ ರಾತ್ರಿಯಿಡೀ ಸೋರಿ ಕೊಟ್ಟಿಗೆಯ ನೆಲ ಜಿಡ್ಡಾಗುತ್ತಿದೆ.

ಯಂತ್ರಕ್ಕೆ ಐದರಲ್ಲಿ ಮೂರೂವರೆ ಅಂಕ, ಮೆಕ್ಯಾನಿಕ್‌ಗೆ ನಾಲ್ಕು, ಮಾರಿದ ಅಂಗಡಿಗೆ ಒಂದು. ಇಂಥ ಮಿಷನ್ ನೋಡಲು ಹೊರಡುವವರು, ತಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ, ಹೋದ ಕೂಡಲೇ ಸೈಲೆನ್ಸರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಒಂದು ಕಾಫಿ ಕುಡಿದು, ಅದು ಪೂರ್ತಿ ತಣಿದ ಮೇಲೆ ಹಗ್ಗಕ್ಕೆ ಕೈ ಹಾಕಿ.