ಜಲ್ಲಿಯ ಬದಲಿಗೆ ಹಳೆಯ ಕಾಂಕ್ರೀಟ್, ಇಟ್ಟಿಗೆ ಚೂರು, ಗಾಜು, ರಬ್ಬರ್: ನಾನು ಎರಕ ಹೊಯ್ದು ಕಂಡಂತೆ

ಕೆಡವಿದ ಕಟ್ಟಡದ ಕಾಂಕ್ರೀಟ್ ಮತ್ತು ಇಟ್ಟಿಗೆ ಚೂರುಗಳನ್ನು ಜಲ್ಲಿಯ ಒಂದು ಪಾಲಿಗೆ ಬದಲಾಗಿಯೂ, ಬಾಟಲಿ ಗಾಜಿನ ಪುಡಿ ಮತ್ತು ಹಳೆಯ ಟೈರಿನ ರಬ್ಬರ್ ತುಣುಕುಗಳನ್ನು ಮರಳಿನ ಒಂದು ಪಾಲಿಗೆ ಬದಲಾಗಿಯೂ ಬೇರೆಬೇರೆ ಮಿಶ್ರಣಗಳಲ್ಲಿ ಬೆರೆಸಿ, ನೀರು-ಸಿಮೆಂಟ್ ಅನುಪಾತವನ್ನು 0.5ರಲ್ಲೇ (ಸಿಮೆಂಟಿನ ತೂಕದ ಅರ್ಧದಷ್ಟು ನೀರು) ಇರಿಸಿ, 150 ಮಿ.ಮೀ. ಕ್ಯೂಬ್‌ಗಳನ್ನು ಹೊಯ್ದು, 28 ದಿನ ನೀರಿನಲ್ಲಿಟ್ಟು, ಬಳಿಕ ಬಲ ಅಳೆಯುವ ಯಂತ್ರದಲ್ಲಿ ಒತ್ತಿ ಒಡೆದು ನೋಡಿದೆ.

ಮೊದಲ ಸುತ್ತಿನಲ್ಲಿ ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಒಣಗಿದ್ದಂತೆಯೇ ಹಾಕಿದ್ದು ನನ್ನ ತಪ್ಪು. ಮಿಕ್ಸರ್‌ನಿಂದ ಇಳಿಸುವಾಗ ಹದವಾಗಿದ್ದ ಮಿಶ್ರಣ ಅಚ್ಚು ತುಂಬುವಷ್ಟರಲ್ಲಿ ಗಟ್ಟಿಯಾಗಿ, ಕ್ಯೂಬಿನ ಮೂಲೆಗಳಲ್ಲಿ ಪೊಳ್ಳು ಉಳಿಯಿತು. ಗಟ್ಟಿ ಕಲ್ಲಿನ ಜಲ್ಲಿ ಸಾಮಾನ್ಯವಾಗಿ ತನ್ನ ತೂಕದ ಶೇ. 1ರ ಆಸುಪಾಸಿನಲ್ಲಿ ನೀರು ಹೀರಿದರೆ, ಹಳೆಯ ಗಾರೆ ಅಂಟಿಕೊಂಡಿರುವ ಈ ಜಲ್ಲಿ ಶೇ. 3ರಿಂದ 8ರವರೆಗೂ ಹೀರುತ್ತದೆ. ಎರಡನೆಯ ಸುತ್ತಿನಲ್ಲಿ ಬಕೆಟ್‌ನಲ್ಲಿ 24 ಗಂಟೆ ನೆನೆಸಿ, ಮೇಲ್ಮೈಯ ನೀರನ್ನು ಬಟ್ಟೆಯಿಂದ ಒರೆಸಿ ಬಳಸಿದಾಗ ಹದ ನಿಂತಿತು, ಶೇ. 30ರಷ್ಟು ಬದಲಿಸಿದ ಕ್ಯೂಬ್‌ಗಳು ಕಲ್ಲಿನ ಜಲ್ಲಿಯವಕ್ಕಿಂತ ಹೆಚ್ಚೇನೂ ಹಿಂದೆ ಬೀಳಲಿಲ್ಲ.

ಇಟ್ಟಿಗೆ ಚೂರು ಇನ್ನೂ ಹೆಚ್ಚು ನೀರು ಕುಡಿಯುತ್ತದೆ. ಒಡೆದ ಕ್ಯೂಬಿನ ಮುಖದಲ್ಲಿ ಬಿರುಕು ಇಟ್ಟಿಗೆಯ ಪಕ್ಕದಿಂದ ಹೋಗದೆ ಅದನ್ನೇ ಸೀಳಿಕೊಂಡು ಹೋಗಿತ್ತು, ಅಂದರೆ ಇಲ್ಲಿ ಸೋತದ್ದು ಗಾರೆಯಲ್ಲ, ಇಟ್ಟಿಗೆಯೇ. ನೆಲದಡಿಯ ಬೆಡ್ ಕಾಂಕ್ರೀಟಿಗೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಗಾಜು. ಅದು ನೀರು ಹೀರದ ಕಾರಣ ಮಿಶ್ರಣದ ಹದ ಕೆಡಲಿಲ್ಲ, 28 ದಿನದ ಬಲವೂ ತೃಪ್ತಿಕರವಾಗಿತ್ತು. ಆದರೆ ಈ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಗಾಜಿನ ಸಿಲಿಕಾ ಸಿಮೆಂಟಿನ ಕ್ಷಾರದೊಡನೆ ವರ್ತಿಸಿ ಉಂಟಾಗುವ ಲೋಳೆ, ತೇವ ಸಿಕ್ಕಾಗಲೆಲ್ಲ ಉಬ್ಬಿ, ವರ್ಷಗಳ ಮೇಲೆ ಕಾಂಕ್ರೀಟನ್ನು ಒಳಗಿನಿಂದ ಬಿರಿಯಿಸಬಲ್ಲದು. ಈ ಅಪಾಯ ದಪ್ಪ ಚೂರುಗಳಲ್ಲಿ ಹೆಚ್ಚು. ಹಿಟ್ಟಿನಷ್ಟು ನುಣ್ಣಗೆ ಅರೆದರೆ ಅದೇ ಗಾಜು ಹಾರುಬೂದಿಯಂತೆ (ಕಲ್ಲಿದ್ದಲು ಉರಿಸಿದಾಗ ಸಿಗುವ ನುಣುಪು ಬೂದಿ) ಸಿಮೆಂಟಿಗೆ ನೆರವಾಗುತ್ತದೆ. ಆದ್ದರಿಂದ ಮರಳಿನ ಜಾಗಕ್ಕಿಂತ ಸಿಮೆಂಟಿನ ಒಂದು ಪಾಲಿನ ಜಾಗವೇ ಗಾಜಿಗೆ ತಕ್ಕದ್ದೆಂದು ನನಗನಿಸುತ್ತದೆ.

ರಬ್ಬರ್ ಹಾಕಿದ ಕ್ಯೂಬ್‌ಗಳ ಬಲ ಎಲ್ಲಕ್ಕಿಂತ ಹೆಚ್ಚು ಕುಸಿಯಿತು. ವೈಬ್ರೇಟರ್ ಹಿಡಿದಾಗ ಹಗುರವಾದ ತುಣುಕುಗಳು ಮೇಲಕ್ಕೆ ತೇಲಿ ಬಂದವು. ಆದರೂ ಬೇರೆ ಕ್ಯೂಬ್‌ಗಳು ಸಿಡಿದು ಚೂರಾದ ಯಂತ್ರದಲ್ಲೇ ಇವು ಬಿರುಕುಬಿಟ್ಟೂ ಇಡಿಯಾಗಿ ಉಳಿದವು. ಕಂಬ, ತೊಲೆಗಳಿಗೆ ಇದನ್ನು ನಾನು ಬಳಸಲಾರೆ. ವಾಹನ ಬಡಿಯಬಹುದಾದ ತಡೆಗೋಡೆಯ ಕಟ್ಟೆಗಾದರೆ ಇನ್ನೊಮ್ಮೆ ಹೊಯ್ದು ನೋಡುವ ಮನಸ್ಸಿದೆ.